ತೆರೆದ ಮೂಗು

ಹೊಳೆದಂಡೆಯ ಆಶ್ರಮದ ಸುತ್ತ ಹೊಂಗೆ ಮರಗಳು. ಅವು ಹೂ ಬಿಟ್ಟವೆಂದರೆ ಶಿಷ್ಯ ಬೊಮ್ಮಯ್ಯನಿಗೆ ಕಷ್ಟಕಾಲ. ಒಂದೇ ಸಮನೆ ಸೀನು, ಕಣ್ಣಲ್ಲಿ ತುರಿಕೆ, ಮೂಗು ಸೋರಿ ಸೋರಿ ತುಟಿಯ ಮೇಲೆಲ್ಲ ಉರಿ. ಧ್ಯಾನಕ್ಕೆ ಕೂತರೆ ಹೆಗಲ ಮೇಲಿನ ವಸ್ತ್ರ ಒದ್ದೆಯಾಗುತ್ತಿತ್ತೇ ಹೊರತು ಮನಸ್ಸು ನಿಲ್ಲುತ್ತಿರಲಿಲ್ಲ.

ಮೆಣಸಿನ ಕಷಾಯ ಕುಡಿದ. ಅರಿಶಿನದ ಕೊಂಬು ಸುಟ್ಟು ಹೊಗೆ ಎಳೆದುಕೊಂಡ. ಯಾವುದೂ ನಾಟಲಿಲ್ಲ.

ಕೊನೆಗೆ ಗುರು ಅಡವಿಸ್ವಾಮಿಗಳ ಮುಂದೆ ಹೋಗಿ ಕೂತ.

"ಗುರುಗಳೇ, ಈ ಮೂಗಿನ ಕಾಟದಿಂದ ನನ್ನನ್ನು ಪಾರುಮಾಡಿ."

"ಮೂಗು ಕಟ್ಟಿಕೊಂಡಿರುವುದರಲ್ಲೂ ಒಂದು ಸುಖವಿದೆ," ಎಂದರು ಗುರುಗಳು. "ತೆರೆದ ಮೇಲೆ ಮತ್ತೆ ಮುಚ್ಚಿ ಅನ್ನಬಾರದು."

"ಅನ್ನುವುದಿಲ್ಲ."

ಗುರುಗಳು ನೀರು ಕುದಿಸಿ, ಉಗುರು ಬೆಚ್ಚಗೆ ಆರಿಸಿ, ಉಪ್ಪು ಬೆರೆಸಿದರು. ಅದನ್ನು ಗಿಂಡಿಗೆ ತುಂಬಿ, ಅವನ ತಲೆಯನ್ನು ಪಕ್ಕಕ್ಕೆ ಬಾಗಿಸಿ, ಒಂದು ಹೊಳ್ಳೆಗೆ ಹೊಯ್ದರು. ನೀರು ಇನ್ನೊಂದು ಹೊಳ್ಳೆಯಿಂದ ಧಾರೆಯಾಗಿ ಇಳಿಯಿತು.

"ದಿನಾ ಬೆಳಿಗ್ಗೆ ಹೀಗೆ ಮಾಡು."

ಮಾಡಿದ. ಸೀನು ಕಡಿಮೆಯಾಯಿತು. ಸೋರುವುದು ನಿಂತಿತು. ಬೇಯುವ ಅನ್ನ, ಹೊಳೆಯ ಹಸಿ ಮರಳು, ಒಣಹಾಕಿದ ಬಟ್ಟೆ, ಒಂದೊಂದರ ವಾಸನೆಯೂ ಬೇರೆಬೇರೆಯಾಗಿ ಬರತೊಡಗಿತು. ಬೊಮ್ಮಯ್ಯ ಮೂಗು ಮೇಲೆತ್ತಿಕೊಂಡೇ ಓಡಾಡಿದ.

ಒಂದು ಮಧ್ಯಾಹ್ನ ಅಡುಗೆಯ ತಿಪ್ಪಜ್ಜ ಅನ್ನ ಬಡಿಸಲು ಬಾಗಿದ. ಆಗ ಬೇರೊಂದು ವಾಸನೆ ಬಂತು. ಬಹುಕಾಲ ಮುಚ್ಚಿದ್ದ ಬಾವಿಯ ಚಪ್ಪಡಿ ಸರಿಸಿದ ಹಾಗೆ, ತಣ್ಣಗೆ.

ಬೊಮ್ಮಯ್ಯ ಎಲೆ ಎಳೆದುಕೊಂಡು ದೂರ ಸರಿದು ಕೂತ.

"ಯಾಕಪ್ಪಾ, ಬೇಡವಾ?" ಎಂದ ತಿಪ್ಪಜ್ಜ.

"ಸಾಕು, ಅಜ್ಜಾ."

ಮರುದಿನ ಒಲೆ ಹೊತ್ತಲಿಲ್ಲ. ಮಲಗಿದ್ದ ತಿಪ್ಪಜ್ಜ ಏಳಲೇ ಇಲ್ಲ.

ಆಮೇಲೆ ಹೊಳೆ ದಾಟಲು ಬಂದ ಹೆಂಗಸೊಬ್ಬಳು ಕುಡಿಯಲು ನೀರು ಕೇಳಿದಳು. ಅವಳಿಂದಲೂ ಅದೇ ವಾಸನೆ. ಬೊಮ್ಮಯ್ಯ ಚೆಂಬನ್ನು ದೂರದಲ್ಲೇ ಇಟ್ಟು, ಮುಖ ತಿರುಗಿಸಿಕೊಂಡು ಬಂದುಬಿಟ್ಟ. ಸಂಜೆಯ ಹೊತ್ತಿಗೆ ಅವಳ ಸೆರಗು ಕೆಳಗಿನ ಮಡುವಿನಲ್ಲಿ ತೇಲುತ್ತಿತ್ತು.

ಬೊಮ್ಮಯ್ಯ ಗಿಂಡಿ ಮುಟ್ಟುವುದನ್ನು ಬಿಟ್ಟ. ಮರದಡಿ ಉದುರಿದ ಹೂವನ್ನು ಬೊಗಸೆ ತುಂಬಿಕೊಂಡು ಅದರಲ್ಲಿ ಮುಖ ಹುದುಗಿಸಿದ. ಒಂದು ಸೀನು ಬರಲಿ ಎಂದು ಕಾದ. ಬರಲಿಲ್ಲ.

ಗುರುಗಳ ಗುಡಿಸಲಿಗೆ ಓಡಿದವನು ಹೊಸ್ತಿಲಲ್ಲೇ ನಿಂತ. ಒಳಗೆ ಅದೇ ತಣ್ಣನೆಯ ವಾಸನೆ. ಗುರುಗಳ ಹೊರತು ಅಲ್ಲಿ ಬೇರೆ ಯಾರೂ ಇರಲಿಲ್ಲ.

"ಯಾಕೆ ನಿಂತೆ?" ಎಂದರು ಗುರುಗಳು.

ಬೊಮ್ಮಯ್ಯ ನಡೆದದ್ದನ್ನೆಲ್ಲ ಹೇಳಿದ. "ಈಗ ಇಲ್ಲೂ ಬರುತ್ತಿದೆ, ಗುರುಗಳೇ. ನಿಮ್ಮಿಂದ."

ಗುರುಗಳು ಅವನನ್ನೇ ನೋಡಿದರು.

"ಹೊಳೆಯ ನಡುವಿನ ಬಂಡೆಗೆ ಹೋಗು. ಅಲ್ಲಿ ಒಬ್ಬನೇ ನಿಂತು ಉಸಿರೆಳೆದುಕೊಂಡು ಬಾ."

ಬೊಮ್ಮಯ್ಯ ನೀರಿಗಿಳಿದು ಬಂಡೆ ಹತ್ತಿದ. ಸುತ್ತ ನರಮನುಷ್ಯರಿರಲಿಲ್ಲ. ಗಾಳಿ ಬೀಸುತ್ತಿತ್ತು. ಕಣ್ಣು ಮುಚ್ಚಿ ಉಸಿರೆಳೆದ.

ವಾಸನೆ ಅಲ್ಲೇ ಇತ್ತು.

ಅಂಗೈ ಮೂಸಿದ. ತೋಳು ಮೂಸಿದ. ಹೊಳೆಯಲ್ಲಿ ಮುಳುಗಿ ಮೈ ತಿಕ್ಕಿ ತೊಳೆದು ಮತ್ತೆ ಮೂಸಿದ. ಹೋಗಲಿಲ್ಲ.

ಒದ್ದೆ ಬಟ್ಟೆಯಲ್ಲೇ ವಾಪಸು ಬಂದು ಹೊಸ್ತಿಲ ಆಚೆ ನಿಂತ. ಒಳಗೆ ಕಾಲಿಡಲಿಲ್ಲ.

"ನನ್ನದೇ, ಗುರುಗಳೇ," ಎಂದ.

"ಹೂಂ."

"ನಾಳೆಯೇ?"

ಗುರುಗಳು ತಮ್ಮ ಪಕ್ಕದ ಚಾಪೆ ತಟ್ಟಿದರು.

"ಈ ವಾಸನೆ ನಿಮಗೂ ಬರುತ್ತದೆಯೇ?"

"ನೀನು ಇಲ್ಲಿಗೆ ಬಂದ ದಿನದಿಂದಲೂ ನಿನ್ನಿಂದ ಬರುತ್ತಿದೆ, ಬೊಮ್ಮಾ. ನಾನು ಯಾವತ್ತಾದರೂ ಸರಿದು ಕೂತಿದ್ದೇನೆಯೇ?"