ಗೋಣಿಮರದ ಪೊಟರೆಗಳ ಪಾಲು

ಹಳೆಯ ಗೋಣಿಮರವೊಂದರಲ್ಲಿ ಮರಕುಟಿಗ ಸಾಲಾಗಿ ಪೊಟರೆಗಳನ್ನು ಕೊರೆದಿತ್ತು. ದಾರಿಹೋಕ ಹಕ್ಕಿಗಳು ಅಲ್ಲಿ ತಂಗಿ, ದಿನಕ್ಕೊಂದು ಹಣ್ಣಿನಂತೆ ಬಾಡಿಗೆ ಕೊಡುತ್ತಿದ್ದವು. ಆಚೆ ಕಾಡಿನಲ್ಲೂ ಇಂಥವೇ ಪೊಟರೆಗಳಿರಲಿ ಎಂಬ ಆಸೆ ಹುಟ್ಟಿ, ಮರಕುಟಿಗ ಇಲ್ಲಿಯ ಉಸ್ತುವಾರಿಯನ್ನು ಅಳಿಲಿಗೆ ವಹಿಸಿತು. "ಬಂದ ಪ್ರತಿ ಅತಿಥಿಯ ಲೆಕ್ಕದಲ್ಲಿ ನಿನಗೊಂದು ಹಣ್ಣು" ಎಂದು ಗೊತ್ತುಮಾಡಿ ಹಾರಿಹೋಯಿತು.

ಹೋದಲ್ಲಿ ಅದಕ್ಕೆ ಕೆಲಸ ಹತ್ತಲಿಲ್ಲ. ಕೊಕ್ಕು ಒಂದು ಮರದಲ್ಲಿ, ಮನಸ್ಸು ಇನ್ನೊಂದು ಮರದಲ್ಲಿ. ಕೊನೆಗೆ ತಡೆಯಲಾರದೆ ಹಿಂದಿರುಗಿತು. ನೋಡಿದರೆ, ರೆಕ್ಕೆ ನೊಂದ ಗಿಳಿಯೊಂದು ಪೊಟರೆಯ ಹೊರಗೆ ಕೊಂಬೆ ಹಿಡಿದು ಕುಳಿತಿದೆ.

"ವಾಸಿಯಾಗುವ ತನಕ ಇರುತ್ತೇನೆಂದೆ. ಅಳಿಲು ಹೊರಡಿಸಿತು" ಎಂದಿತು ಗಿಳಿ.

ಮರಕುಟಿಗ ಕಿಡಿಕಿಡಿಯಾಗಿ ಅಳಿಲನ್ನು ಕರೆಯಿತು. "ಬಾಡಿಗೆ ಕೊಡುವವರನ್ನೇ ಅಟ್ಟುವೆಯಾ?"

"ಒಡೆಯರೇ, ಈ ಗಿಳಿ ಎಷ್ಟು ದಿನ ಇದ್ದರೂ ನನಗೆ ಸಿಗುವುದು ಒಂದೇ ಹಣ್ಣು. ಗುಡಿಸುವುದು, ಹಾವು ಬಾರದಂತೆ ಕಾಯುವುದು ಮಾತ್ರ ದಿನವೂ ಇದೆ. ಹಳಬರು ಎದ್ದು ಹೊಸಬರು ಬಂದರೆ ತಾನೇ ನನ್ನ ಹೊಟ್ಟೆ ತುಂಬುವುದು?"

ಮರಕುಟಿಗ ಕೊಂಬೆಯ ಉದ್ದಕ್ಕೂ ಶತಪಥ ತಿರುಗಿತು. "ಮತ್ತೇನು ಕೊಡಬೇಕು ನಿನಗೆ?"

"ದಿನದಿನದ ಬಾಡಿಗೆಯಲ್ಲಿ ಪಾಲು ಕೊಡಿ. ಪೊಟರೆ ತುಂಬಿದರೆ ಇಬ್ಬರೂ ಉಣ್ಣೋಣ, ಬರಿದಾದರೆ ಇಬ್ಬರೂ ಹಸಿದಿರೋಣ."

ಪಾಲು ಎಂದೊಡನೆ ಮರಕುಟಿಗಕ್ಕೆ ಸಂಕಟವಾಯಿತು. ಒಮ್ಮೆ ಗಿಳಿಯನ್ನು ನೋಡಿತು, ಒಮ್ಮೆ ಖಾಲಿ ಪೊಟರೆಯನ್ನು ನೋಡಿತು. ಆಮೇಲೆ ಗಿಳಿ ಬಾಡಿಗೆಯಾಗಿ ಕೊಟ್ಟಿದ್ದ ಹಣ್ಣನ್ನು ಕೊಕ್ಕಿನಿಂದ ಸೀಳಿ, ಒಂದು ಹೋಳನ್ನು ಅಳಿಲಿನ ಮುಂದೆ ತಳ್ಳಿತು.

ಅಳಿಲು ಅದನ್ನು ತಿನ್ನಲೂ ನಿಲ್ಲದೆ ಗಿಳಿಯ ಬಳಿ ಓಡಿತು. "ಒಳಗೆ ಬನ್ನಿ. ರೆಕ್ಕೆ ಸರಿಯಾಗಲಿ, ಅವಸರವೇನಿಲ್ಲ."