ಗೆರೆ ಕಾಣದ ಲೋಟ

"ಬುದ್ಧಿ, ವರ್ಷದಿಂದ ದಿನವೂ ಬೆಳಿಗ್ಗೆ ನನ್ನ ಮನಸ್ಸನ್ನು ನಾನೇ ಪರೀಕ್ಷಿಸಿಕೊಳ್ಳುತ್ತಿದ್ದೇನೆ. ಸಿಟ್ಟು ಕಾಣುತ್ತಿಲ್ಲ, ದ್ವೇಷವೂ ಕಾಣುತ್ತಿಲ್ಲ. ನಾಳೆ ನನ್ನನ್ನು ಶಾಖಾಮಠಕ್ಕೆ ಕಳಿಸುತ್ತಿದ್ದೀರಿ. ಅಲ್ಲಿನ ಜನರ ಭಾರ ಹೊರಲು ಇಷ್ಟು ಸಾಲದೇ?" ಎಂದು ಶಿಷ್ಯ ಶಂಭುಲಿಂಗ ಕೇಳಿದ.

ಗುರು ಮರುಳಯ್ಯನವರು ಕಾವಿ ಉಡುವ ಮೊದಲು ಇಪ್ಪತ್ತು ವರ್ಷ ಪುಟ್ಟ ವಿಮಾನಗಳ ಎಂಜಿನ್ ಬಿಚ್ಚಿ ಕೂಡಿಸಿದವರು. ಮಠ ಸೇರಿದರೂ ವಿಮಾನದ ಮಾತು ಅವರ ಬಾಯಿ ಬಿಟ್ಟಿರಲಿಲ್ಲ. "ಪರೀಕ್ಷೆಯೇನೋ ಒಳ್ಳೆಯದೇ ಕಣಯ್ಯಾ. ಕೂತುಕೋ" ಎಂದು ಕತೆ ಶುರುಮಾಡಿದರು.

ಒಬ್ಬ ಪೈಲಟ್ ಇದ್ದ. ಎರಡೇ ಸೀಟಿನ ಸ್ವಂತ ವಿಮಾನ ಇಟ್ಟುಕೊಂಡಿದ್ದ. ಅದರ ಎಂಜಿನ್ ಬಂಕಿನ ಪೆಟ್ರೋಲಿಗೂ ಓಡುವಂಥದ್ದು. ಅಗ್ಗವೆಂದು ಮುಗ್ಗಲು ಜೋಳ ಕೊಂಡವರ ಹಾಗೆ ಇವನೂ ಮೊದಲು ಅದನ್ನೇ ತಂದು ಸುರಿದ. ಆ ಪೆಟ್ರೋಲಿಗೆ ಮದ್ಯಸಾರ ಬೆರೆಸಿರುತ್ತಾರೆ. ಈ ವಿಮಾನದ ಹಳೆಯ ರಬ್ಬರಿಗೆ ಅದು ಆಗಿಬರಲಿಲ್ಲ. ವರ್ಷ ತುಂಬುವುದರೊಳಗೆ ಪೆಟ್ರೋಲ್ ಹರಿಯುವ ಕೊಳವೆಗಳು ಉಬ್ಬಿ ಬಿರಿದವು.

ವಿಮಾನ ಇಳಿಯುವ ಮೈದಾನದ ಮುದುಕ ಮೇಸ್ತ್ರಿ ಅದನ್ನು ನೋಡಿ ಚೆನ್ನಾಗಿ ಬೈದ. ಪೈಲಟ್‌ಗೆ ಚುರುಕು ಮುಟ್ಟಿತು. ಕೊಳವೆ ಬದಲಿಸಿದ, ಫಿಲ್ಟರ್ ಬದಲಿಸಿದ, ಮದ್ಯಸಾರ ಸೋಕದ ಪೆಟ್ರೋಲನ್ನು ದೂರದಿಂದ ತರಿಸತೊಡಗಿದ. ಬಣ್ಣವಿಲ್ಲದ್ದು, ನೋಡಲು ನೀರಿನಷ್ಟೇ ತಿಳಿ. ಅಂದಿನಿಂದ ಅವನಷ್ಟು ಮಡಿವಂತ ಪೈಲಟ್ ಆ ಮೈದಾನದಲ್ಲಿ ಇನ್ನೊಬ್ಬನಿರಲಿಲ್ಲ. ಟ್ಯಾಂಕಿನ ಮುಚ್ಚಳದೊಳಗಿನ ವಾಷರ್ ಒಂದನ್ನು ಮಾತ್ರ ಅವನು ನೋಡಿರಲಿಲ್ಲ. ಅದೂ ಬಿರಿದಿತ್ತು.

ನೀರು ಪೆಟ್ರೋಲಿಗಿಂತ ಭಾರ. ಟ್ಯಾಂಕಿಗೆ ಹೊಕ್ಕ ನೀರು ತಳಕ್ಕೆ ಇಳಿಯುತ್ತದೆ, ಎಂಜಿನ್ನಿಗೆ ಮೊದಲು ಹೋಗುವುದೂ ಅದೇ. ಅದಕ್ಕೇ ಟ್ಯಾಂಕಿನ ಅಡಿಯಲ್ಲಿ ಒಂದು ಪುಟ್ಟ ನಲ್ಲಿ ಇರುತ್ತದೆ. ಹಾರುವ ಮೊದಲು ಗಾಜಿನ ಲೋಟದಲ್ಲಿ ಅಷ್ಟು ಹಿಡಿದು ಬೆಳಕಿಗೆ ಎತ್ತಿ ನೋಡಬೇಕು. ನೀರು ಬಂದಿದ್ದರೆ ಅದು ಕೆಳಗೆ, ಪೆಟ್ರೋಲ್ ಮೇಲೆ, ನಡುವೆ ಒಂದು ಗೆರೆ. ಗೆರೆ ಕಂಡರೆ ಆ ದಿನ ಹಾರಾಟವಿಲ್ಲ. ನಮಗೆ ಲಿಂಗಪೂಜೆ ಹೇಗೋ ಅವರಿಗೆ ಅದು ಹಾಗೆ. ಪೈಲಟ್ ಒಂದು ದಿನವೂ ತಪ್ಪಿಸಿದವನಲ್ಲ.

ಅವನ ತಾಯಿಗೆ ಎಪ್ಪತ್ತು ದಾಟಿತ್ತು. ಮಗ ಹಾರುವುದನ್ನು ನೆಲದ ಮೇಲೆ ನಿಂತು ನೋಡಿ ನೋಡಿ ಸಾಕಾಗಿ, ತಾನೂ ಒಮ್ಮೆ ಬರುತ್ತೇನೆ ಎಂದು ಹಟ ಹಿಡಿದಳು. ಆಗಲಿ ಎಂದ. ಅಷ್ಟರಲ್ಲಿ ಮೂರು ದಿನ ಜಡಿಮಳೆ ಹಿಡಿಯಿತು. ಗಾಳಿಗೆ ಶೆಡ್ಡಿನ ತಗಡು ಕಿತ್ತುಹೋಗಿ ವಿಮಾನವೂ ನೆನೆಯಿತು. ನಾಲ್ಕನೆಯ ದಿನ ಬಿಸಿಲು ಬಿದ್ದದ್ದೇ ತಡ, ಮುದುಕಿ ಕಿವಿಗೆ ಹತ್ತಿ ತುರುಕಿಕೊಂಡು ಬಂದು ಸೀಟಿನಲ್ಲಿ ಕೂತೇಬಿಟ್ಟಳು. ಮಗ ಬೆಲ್ಟ್ ಬಿಗಿದ. ಆಮೇಲೆ ಕೆಳಗಿಳಿದು ನಲ್ಲಿ ತಿರುಗಿಸಿ ಲೋಟ ಹಿಡಿದ, ಬೆಳಕಿಗೆ ಎತ್ತಿದ. ಗೆರೆ ಇರಲಿಲ್ಲ. ಅವನಿಗೆ ಹೆಮ್ಮೆಯಾಯಿತು. ಲೋಟ ಹಿಡಿದುಕೊಂಡೇ ಮೇಸ್ತ್ರಿಯ ಹತ್ತಿರ ಹೋದ.

"ನೋಡಿ ಮೇಸ್ತ್ರಿ. ಮೂರು ದಿನ ಹಾಗೆ ಹೊಡೆದರೂ ನನ್ನ ಟ್ಯಾಂಕಿಗೆ ಒಂದು ಹನಿ ಇಳಿದಿಲ್ಲ."

ಮುದುಕ ಲೋಟ ಇಸಿದುಕೊಂಡ. ಎರಡು ತೊಟ್ಟು ಅಂಗೈಗೆ ಹಾಕಿಕೊಂಡು ಸ್ವಲ್ಪ ಹೊತ್ತು ನೋಡಿದ. ಪೆಟ್ರೋಲಾಗಿದ್ದರೆ ಅಷ್ಟರಲ್ಲಿ ಆರಿಹೋಗಬೇಕಿತ್ತು. ಆರಲಿಲ್ಲ. ಆಮೇಲೆ ಲೋಟವನ್ನೇ ಬಾಯಿಗೆ ಎತ್ತಿ, ಉಂಡೆದ್ದವನ ಹಾಗೆ ಬಾಯಿ ಮುಕ್ಕಳಿಸಿ ಉಗಿದ.

ಮುದುಕನಿಗೆ ತಲೆ ಕೆಟ್ಟಿತೇ, ಈಗ ಬೀಳುತ್ತಾನೆ ಎಂದುಕೊಂಡು ಪೈಲಟ್ ಅವನ ತೋಳು ಹಿಡಿದುಕೊಂಡ. ಮುದುಕ ಬೀಳಲಿಲ್ಲ. ಬಾಯಿ ಒರೆಸಿಕೊಂಡು, "ಪೂರ್ತಿ ನೀರೇ ಸಾಹೇಬ್ರೇ. ಇನ್ನು ಗೆರೆ ಎಲ್ಲಿಂದ ಬರಬೇಕು?" ಎಂದ.

ಪೈಲಟ್ ಓಡಿಹೋಗಿ ಮತ್ತೆ ನಲ್ಲಿ ತಿರುಗಿಸಿದ. ಎರಡನೆಯ ಲೋಟವೂ ತಿಳಿ. ಮೂರು, ನಾಲ್ಕು, ಐದು. ತಾಯಿ ಒಳಗಿನಿಂದ, "ಯಾಕೋ ತಡ? ಹೊರಡೋದಿಲ್ವೇನೋ?" ಎಂದು ಕೂಗುತ್ತಿದ್ದಳು. ಏಳನೆಯ ಲೋಟದಲ್ಲಿ ಗೆರೆ ಕಂಡಿತು.

ಹಾರಿದ್ದರೆ ಏನಾಗುತ್ತಿತ್ತೆಂದು ಅವನಿಗೆ ಯಾರೂ ಹೇಳಬೇಕಿರಲಿಲ್ಲ. ಕೊಳವೆಯಲ್ಲಿ ಉಳಿದ ಪೆಟ್ರೋಲಿನಿಂದ ಎಂಜಿನ್ ಶುರುವಾಗುತ್ತಿತ್ತು. ವಿಮಾನ ಓಡುತ್ತಿತ್ತು, ನೆಲ ಬಿಡುತ್ತಿತ್ತು. ಮೈದಾನದಾಚೆಗೆ ಕಲ್ಲುಗಣಿ ಇತ್ತು. ಸರಿಯಾಗಿ ಅದರ ಮೇಲೆ ಹೋಗುವ ಹೊತ್ತಿಗೆ ಎಂಜಿನ್ನಿಗೆ ನೀರು ಸಿಕ್ಕಿ ಎಲ್ಲ ನಿಂತುಬಿಡುತ್ತಿತ್ತು. ಪಕ್ಕದಲ್ಲಿ ತಾಯಿ ಇರುತ್ತಿದ್ದಳು, ಅವಳ ಬೆಲ್ಟನ್ನು ತಾನೇ ಕೈಯಾರೆ ಬಿಗಿದಿದ್ದ. ಹೋಗಿ ಅದನ್ನು ಬಿಚ್ಚಲು ನೋಡಿದ. ಆಗಲಿಲ್ಲ. ಕೊನೆಗೆ ಮೇಸ್ತ್ರಿಯೇ ಬಂದು ಬಿಚ್ಚಿ ಮುದುಕಿಯನ್ನು ಇಳಿಸಿದ. ಆಕೆ ಇಬ್ಬರ ಮುಖವನ್ನೂ ನೋಡಿ, ಮಗನ ತಲೆಯ ಮೇಲೆ ಕೈಯಿಟ್ಟಳು.

ಪೈಲಟ್ ಮೇಸ್ತ್ರಿಯ ಕಡೆ ತಿರುಗಿದ. "ನಾನು ದಿನಾ ನೋಡ್ತಿದ್ದೆನಲ್ಲ ಮೇಸ್ತ್ರಿ. ಇವತ್ತೂ ನೋಡಿದೆನಲ್ಲ."

"ನೀರು ಬೆರೆತಿದೆಯಾ ಅಂತ ನೋಡಿದ್ರಿ ಸಾಹೇಬ್ರೇ" ಎಂದ ಮುದುಕ. "ಪೆಟ್ರೋಲ್ ಇದೆಯಾ ಅಂತ ನೋಡ್ಲಿಲ್ಲ."

ಮರುಳಯ್ಯನವರು ಕತೆ ನಿಲ್ಲಿಸಿದರು. ಪಾಪ, ಆ ತಾಯಿ ಬದುಕಿದಳಲ್ಲ ಎಂದೇನೋ ಹೇಳಲು ಹೊರಟ ಶಂಭುಲಿಂಗ ಗುರುಗಳು ತನ್ನನ್ನೇ ನೋಡುತ್ತಿರುವುದನ್ನು ಕಂಡು ತಡೆದುಕೊಂಡ.

"ಸಿಟ್ಟಿಲ್ಲ, ದ್ವೇಷವಿಲ್ಲ ಎಂದು ದಿನವೂ ನೋಡಿಕೊಂಡೆಯಲ್ಲ, ಪ್ರೀತಿ ಇದೆಯೇ ಎಂದು ಒಂದು ದಿನವಾದರೂ ನೋಡಿಕೊಂಡೆಯೇನಯ್ಯಾ?"