ಗೀಟು ಹೇಳಿದಷ್ಟೇ

"ಕೇಳಿರಪ್ಪೋ ಕೇಳಿ! ಅರಮನೆಯ ಗೋಡೆಯ ಮೇಲಿನ ಗೀಟು ನೋಡಿ ಕೊಪ್ಪರಸ ದೊರೆಯ ಮೂರು ಒಗಟು ಬಿಡಿಸಿದವನಿಗೆ ಬೇಡಿದ್ದು ಉಂಟು. ಗೀಟಿನಲ್ಲಿ ಇರುವುದಕ್ಕಿಂತ ಒಂದು ಮಾತು ಹೆಚ್ಚಾಡಿದರೂ ತಲೆ ಹೋಯಿತು, ಒಂದು ಮಾತು ಕಡಿಮೆಯಾಡಿದರೂ ತಲೆ ಹೋಯಿತು!"

ಡಂಗುರದವನು ಕಡವಿನ ಹತ್ತಿರ ಇದನ್ನು ಸಾರಿದಾಗ ಅಂಬಿಗರ ದ್ಯಾವ ದೋಣಿ ಕಟ್ಟುತ್ತಿದ್ದ. ಇದೇ ಸಾರಿಕೆ ಕೇಳಿ ಅವನ ಅಣ್ಣ ಬೋರಣ್ಣ ನಿನ್ನೆ ಇನ್ನೂ ಹನ್ನೊಂದು ಜನರ ಜೊತೆ ಅರಮನೆಗೆ ಹೋಗಿ ಸೋತು ಸೆರೆಮನೆ ಸೇರಿದ್ದ. ಈ ಹೊತ್ತು ಸೂರ್ಯ ಮುಳುಗುವಾಗ ಅವನ ತಲೆ ಉರುಳುವುದಿತ್ತು. ದ್ಯಾವ ಹಗ್ಗಕ್ಕೆ ಇನ್ನೊಂದು ಗಂಟು ಹಾಕಿ, ಕೈ ಒರೆಸಿಕೊಂಡು ಅರಮನೆಯ ದಾರಿ ಹಿಡಿದ.

ದೊರೆ ಪಟ್ಟವೇರಿದಂದಿನಿಂದ ಆ ರಾಜ್ಯದಲ್ಲಿ ಒಂದು ಪದ್ಧತಿ ಇತ್ತು. ಪ್ರತಿ ಯುಗಾದಿಗೆ ಪ್ರತಿ ಮನೆಯವರೂ ತಲೆಗೊಂದರಂತೆ ಹುಣಸೆಬೀಜವನ್ನು ಅರಮನೆಯ ಹಂಡೆಗೆ ಹಾಕಬೇಕು. ಬೀಜ ಎಣಿಸಿ, ಸಾವಿರ ಜನಕ್ಕೆ ಒಂದು ಅಂಗುಲ ಎತ್ತರದಂತೆ ಗೋಡೆಯ ಮೇಲೆ ಆ ವರ್ಷದ ಚುಕ್ಕೆ ಇಡುತ್ತಿದ್ದರು. ಚುಕ್ಕೆಯಿಂದ ಚುಕ್ಕೆಗೆ ಕಾವಿಯಲ್ಲಿ ಗೀಟು ಎಳೆಯುತ್ತಿದ್ದರು. ಹಿಂದಿನ ಎರಡು ವರ್ಷದಲ್ಲಿ ಗೀಟು ದಡಕ್ಕನೆ ಕೆಳಗೆ ಬಿದ್ದಿತ್ತು. ಅಂದಿನಿಂದ ದೊರೆಗೆ ಯಾರ ಮಾತಿನ ಮೇಲೂ ನಂಬಿಕೆ ಉಳಿದಿರಲಿಲ್ಲ.

ಸಭೆಯಲ್ಲಿ ಒಗಟು ಬಿಡಿಸಲು ದ್ಯಾವನ ಜೊತೆ ಇನ್ನಿಬ್ಬರು ನಿಂತಿದ್ದರು: ದಳವಾಯಿ ದುರ್ಗೋಜಿ, ಆಸ್ಥಾನಕವಿ ಶ್ರೀಕಂಠಯ್ಯ.

"ಮೀನಿನ ವಾಸನೆ ಎಲ್ಲಿಂದ ಬಂತು?" ಎಂದು ದಳವಾಯಿ ಮೂಗು ಮುಚ್ಚಿಕೊಂಡ. ಸಭೆ ನಕ್ಕಿತು.

ದೊರೆ ನಗಲಿಲ್ಲ. "ಮೊದಲನೆಯದು. ಯಾವ ವರ್ಷದಲ್ಲಿ ನನ್ನ ಜನ ಎಲ್ಲಕ್ಕಿಂತ ಹೆಚ್ಚು ಬೆಳೆದರು?"

"ಇದೇನು ಒಗಟೇ?" ದಳವಾಯಿ ಕತ್ತಿಯ ತುದಿಯಿಂದ ಗೀಟಿನ ನೆತ್ತಿಯನ್ನು ತೋರಿಸಿದ. "ಒಂಬತ್ತನೆಯ ವರ್ಷ. ಅಲ್ಲೇ ಅಲ್ಲವೇ ಗೀಟು ತುದಿ ಮುಟ್ಟಿದ್ದು?"

ದೊರೆ ಬೆರಳೆತ್ತಿದ. ಭಟರು ದಳವಾಯಿಯ ಕತ್ತಿ ಕಸಿದು ಅವನನ್ನು ಸೆರೆಮನೆಗೆ ಎಳೆದೊಯ್ದರು. ಕವಿ ಮೆಲ್ಲನೆ ಹಿಂದೆ ಸರಿದು, "ಅಂಬಿಗ ಮೊದಲು ಹೇಳಲಿ" ಎಂದ.

ದ್ಯಾವನಿಗೆ ಕಡವಿನ ಕಲ್ಲುಕಂಬ ನೆನಪಾಯಿತು. ಮಳೆಗಾಲದಲ್ಲಿ ಹೊಳೆ ಎಷ್ಟು ಏರಿತೆಂದು ಅವನು ದಿನವೂ ಅದರ ಮೇಲೆ ಗುರುತು ಹಾಕುತ್ತಿದ್ದ. ನೀರು ತುಂಬಿ ನಿಂತ ದಿನ ಅವನು ಹೆದರುತ್ತಿರಲಿಲ್ಲ. ಒಂದೇ ರಾತ್ರಿಗೆ ಮೂರು ಗುರುತು ಏರಿದ ದಿನ ದೋಣಿ ಬಿಡುತ್ತಿರಲಿಲ್ಲ.

"ಆರನೆಯ ವರ್ಷ, ದೊರೆ. ಐದನೆಯ ವರ್ಷ ಇಪ್ಪತ್ತೆರಡು ಸಾವಿರ, ಆರನೆಯದಕ್ಕೆ ಮೂವತ್ತೊಂದು. ಒಂದೇ ವರ್ಷಕ್ಕೆ ಒಂಬತ್ತು ಸಾವಿರ ಏರಿದೆ. ಒಂಬತ್ತನೆಯ ವರ್ಷ ಜನ ಎಲ್ಲಕ್ಕಿಂತ ಹೆಚ್ಚು ಇದ್ದರು. ಬೆಳೆದದ್ದು ಮಾತ್ರ ಗೀಟು ಕಡಿದಾದ ಕಡೆ."

"ನನ್ನ ಮನಸ್ಸಿನಲ್ಲೂ ಅದೇ ಇತ್ತು" ಎಂದ ಕವಿ.

"ಹಾಗಾದರೆ ಬಾಯಲ್ಲಿ ಯಾಕೆ ಬರಲಿಲ್ಲ?" ದೊರೆ ಕವಿಯನ್ನು ಗದರಿಸಿ, ದ್ಯಾವನ ಕಡೆ ತಿರುಗಿದ. "ಎರಡನೆಯದು. ಒಂಬತ್ತರಿಂದ ಹದಿನಾರನೆಯ ವರ್ಷದವರೆಗೆ ಗೀಟು ಮಟ್ಟಸವಾಗಿದೆ. ಆ ಏಳು ವರ್ಷ ಏನಾಯಿತು? ಇದಕ್ಕೇ ಕಣೋ ನಿನ್ನೆ ನಿಮ್ಮಣ್ಣ ಎಡವಿದ್ದು. 'ಏನೂ ಆಗಲಿಲ್ಲ' ಅಂದ."

ದ್ಯಾವ ಗೀಟಿನ ಮಟ್ಟಸವಾದ ಭಾಗವನ್ನು ನೋಡಿದ. ಆ ಏಳು ವರ್ಷದಲ್ಲೇ ಅವ್ವ ತೀರಿಕೊಂಡಿದ್ದಳು. ಚಟ್ಟಕ್ಕೆ ಹೆಗಲು ಕೊಟ್ಟವನು ಬೋರಣ್ಣ. ಮರುವರ್ಷ ಅತ್ತಿಗೆಗೆ ಹೆಣ್ಣುಮಗು ಹುಟ್ಟಿತ್ತು. ಹಂಡೆಗೆ ಹಾಕುವ ಬೀಜ ಮತ್ತೆ ಐದೇ ಆಗಿತ್ತು. ಹೆದರಿಕೆಯಲ್ಲಿ ಅಣ್ಣ ಅವ್ವನನ್ನೂ ಮಗಳನ್ನೂ ಮರೆತುಬಿಟ್ಟಿದ್ದ.

"ಹುಟ್ಟಿದವರು, ಬಂದವರು ಎಷ್ಟೋ ಸತ್ತವರು, ಹೋದವರು ಅಷ್ಟೇ, ದೊರೆ. ಹೊಳೆ ಒಂದೇ ಗುರುತಿನಲ್ಲಿದೆ ಅಂದರೆ ಹರಿಯುತ್ತಿಲ್ಲ ಅಂತಲ್ಲ. ಮೇಲಿಂದ ಬಂದಷ್ಟು ಕೆಳಗೆ ಹೋಗುತ್ತಿದೆ. ಎಷ್ಟು ಹುಟ್ಟಿದರು, ಎಷ್ಟು ಸತ್ತರು ಎಂಬ ಲೆಕ್ಕ ಮಾತ್ರ ಗೀಟಿನಲ್ಲಿಲ್ಲ."

ಸಭೆಯಲ್ಲಿ ಈಗ ಯಾರೂ ನಗುತ್ತಿರಲಿಲ್ಲ. ದೊರೆಯ ಮುಖ ಇನ್ನಷ್ಟು ಬಿಗಿಯಿತು.

"ಮೂರನೆಯದು. ಹದಿನಾರರಿಂದ ಹದಿನೆಂಟನೆಯ ವರ್ಷಕ್ಕೆ ಗೀಟು ಬಿದ್ದಿದೆ. ಗೀಟು ನೋಡಿ ಹೇಳಿ, ಯಾಕೆ?"

ಈ ಸಲ ಕವಿ ಮುನ್ನುಗ್ಗಿದ. "ಮಾರಿಬೇನೆ, ಮಹಾಪ್ರಭು! ದೈವದ ಮುನಿಸು! ತಮ್ಮದೇನೂ ತಪ್ಪಿಲ್ಲ!"

"ಗೀಟಿನಲ್ಲಿ ಬೇನೆ ಎಲ್ಲಿ ಕಂಡೆ?" ಎಂದ ದೊರೆ. ಕವಿಯನ್ನೂ ಎಳೆದೊಯ್ದರು.

ದೊರೆ ಎದ್ದು ಬಂದು ದ್ಯಾವನ ಮುಖದ ಹತ್ತಿರವೇ ನಿಂತ. "ಊರು ಬಿಟ್ಟವರೆಲ್ಲ ಹೊಳೆ ದಾಟಿದ್ದು ನಿನ್ನ ದೋಣಿಯಲ್ಲೇ ಅಲ್ಲವೇನೋ? ನಿನಗೆ ಗೊತ್ತು. ಹೇಳು."

ಗೊತ್ತಿತ್ತು. ಕೋಟೆಯ ಕೆಲಸಕ್ಕೆ ಮನೆಗಿಬ್ಬರನ್ನು ಭಟರು ಹಿಡಿದೊಯ್ದದ್ದು, ಕಲ್ಲಿನಡಿ ಕೈ ಜಜ್ಜಿಹೋದ ಹೆಂಗಸು ಊರು ಬಿಟ್ಟು ಅವನ ದೋಣಿಯಲ್ಲಿ ಹೊಳೆ ದಾಟಿದ್ದು. ಮಾತು ನಾಲಿಗೆಯ ತುದಿಗೆ ಬಂತು. ಆದರೆ ದ್ಯಾವ ದೊರೆಯನ್ನು ಬಿಟ್ಟು ಗೋಡೆಯನ್ನು ನೋಡಿದ.

"ಮೂವತ್ತಾರು ಸಾವಿರ ಇದ್ದದ್ದು ಎರಡು ವರ್ಷದಲ್ಲಿ ಇಪ್ಪತ್ತನಾಲ್ಕಾಗಿದೆ. ಹನ್ನೆರಡು ಸಾವಿರ ಕಡಿಮೆ, ಮೂರರಲ್ಲಿ ಒಂದು ಪಾಲು. ಗೀಟು ಹೇಳುವುದು ಇಷ್ಟೇ. ಯಾಕೆ ಅನ್ನುವುದು ಅದರಲ್ಲಿಲ್ಲ."

"ನಿನ್ನಲ್ಲಿದೆಯಲ್ಲ!"

"ನೀವು ಕೇಳಿದ್ದು ಗೀಟನ್ನು, ದೊರೆ. ನನ್ನನ್ನಲ್ಲ."

ದೊರೆ ಹಲ್ಲು ಕಚ್ಚಿಕೊಂಡ. ಸಭೆಯೆಲ್ಲ ಕೇಳಿಸಿಕೊಂಡಿತ್ತು, ಸಾರಿದ ಮಾತನ್ನು ನುಂಗುವಂತಿರಲಿಲ್ಲ. "ಗೆದ್ದೆ. ಬೇಡು, ತೊಲಗು. ಅರ್ಧ ರಾಜ್ಯವೋ?"

"ಸೆರೆಮನೆಯ ಬಾಗಿಲು ತೆಗೆಸಿ. ಒಳಗಿರುವ ಹದಿನಾಲ್ಕು ಜನರನ್ನೂ ಬಿಡಿ."

ಆಗ ದೊರೆ ಮೊದಲ ಸಲ ನಕ್ಕ. "ಹುಚ್ಚ! ಅಂಗುಲಕ್ಕೆ ಸಾವಿರ ಜನ. ಹದಿನಾಲ್ಕು ಜನ ಸತ್ತರೂ ಬದುಕಿದರೂ ಈ ಗೀಟು ಕೂದಲೆಳೆಯಷ್ಟೂ ಅಲುಗುವುದಿಲ್ಲ."

"ನಿಜ, ದೊರೆ. ಗೀಟು ಅವರನ್ನು ಕೇಳುವುದಿಲ್ಲ. ಅದಕ್ಕೇ ನಾನು ಕೇಳುತ್ತಿದ್ದೇನೆ."

ಸೂರ್ಯ ಮುಳುಗುವ ಮೊದಲೇ ಬಾಗಿಲು ತೆರೆಯಿತು. ದಳವಾಯಿ, ಕವಿ ಇಬ್ಬರೂ ತಲೆ ತಗ್ಗಿಸಿಕೊಂಡು ದ್ಯಾವನ ಪಕ್ಕದಲ್ಲೇ ಹಾದುಹೋದರು. ಕೊನೆಗೆ ಬೋರಣ್ಣ ಬಂದ. "ಏನೂ ಆಗಲಿಲ್ಲ ಅಂದುಬಿಟ್ಟೆ ಕಣೋ ತಮ್ಮಾ" ಎಂದು ಅಲ್ಲೇ ಕುಸಿದು ಕೂತ. ದ್ಯಾವ ಅವನ ರಟ್ಟೆ ಹಿಡಿದು ಎಬ್ಬಿಸಿದ.

ಮುಂದಿನ ಯುಗಾದಿಗೆ ಹಂಡೆಯ ಮುಂದೆ ದ್ಯಾವ ಬೀಜಗಳನ್ನು ಒಟ್ಟಿಗೆ ಸುರಿಯಲಿಲ್ಲ. ಒಂದೊಂದನ್ನೇ ಹಾಕುತ್ತ, ಒಂದೊಂದಕ್ಕೂ ಹೆಸರು ಹೇಳಿದ: ಅಪ್ಪ, ಅತ್ತಿಗೆ, ಪುಟ್ಟಿ.

"ಬೇಗ ಹಾಕಯ್ಯಾ, ಬೀಜಕ್ಕೆಂಥ ಹೆಸರು?" ಎಂದು ಕಾವಲಿನವನು ರೇಗಿದ.

ದ್ಯಾವ ತನ್ನದೊಂದು ಹಾಕಿದ. ಆಮೇಲೆ ಉಳಿದ ಒಂದನ್ನು ಅಂಗೈಯಲ್ಲಿಟ್ಟುಕೊಂಡು ನೋಡಿ, "ಬೋರಣ್ಣ" ಎಂದು ಹಾಕಿದ.